ನಾನು ಕೊಂಡ ಉದ್ದನೆಯ ಈಟಿಗನ್ನು

ಅಂಗಡಿಗೆ ಹೋದಾಗ ಕೆಲವರ ಕಣ್ಣಿಗೆ ಬೇಕಾದ ವಸ್ತು ಬೀಳುತ್ತದೆ, ಕೆಲವರ ಕಣ್ಣಿಗೆ ಅಗ್ಗದ ವಸ್ತು. ನನ್ನ ಕಣ್ಣಿಗೆ ಬೀಳುವುದು ಮಾತ್ರ ಅಲ್ಲಿರುವುದರಲ್ಲೆಲ್ಲ ದೊಡ್ಡದು. ಮದುವೆಯಾದ ಹೊಸತರಲ್ಲಿ ಇಬ್ಬರ ಸಂಸಾರಕ್ಕೆಂದು ನಾನು ತಂದ ಕುಕ್ಕರಿನಲ್ಲಿ ನಮ್ಮ ಬೀದಿಗೆಲ್ಲ ಅನ್ನ ಮಾಡಬಹುದಾಗಿತ್ತು. ದೋಹಾಕ್ಕೆ ಬಂದ ಮೇಲೆ ಕೊಂಡ ಸೋಫಾ ಬಾಗಿಲಲ್ಲಿ ತೂರದೆ ಎರಡು ದಿನ ಮೆಟ್ಟಿಲ ಮೇಲೇ ಉಳಿಯಿತು. ಕೆಳಮನೆಯ ಈಜಿಪ್ಟಿನವರು ಅದರ ಮೇಲೆ ಆರಾಮಾಗಿ ಕುಳಿತು ಸಿಗರೇಟು ಸೇದಿದರು. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ, ಮನೆಯೊಳಗೆ ಮೊಟ್ಟೆಯನ್ನೂ ತಾರದ ಮೈಸೂರಿನ ಸಸ್ಯಾಹಾರಿಯೊಬ್ಬ ನೂರಮೂವತ್ತು ಸೆಂಟಿಮೀಟರ್ ಉದ್ದದ ಮೀನು ಹೊಡೆಯುವ ಗನ್ನನ್ನು ಹೊತ್ತು ತಂದದ್ದು ಹೇಗೆಂದು ಹೇಳುವುದು ನನಗೆ ಸ್ವಲ್ಪ ಸುಲಭವಾಗುತ್ತದೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಕತಾರಿನ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಉಳ್ಳಾಲದ ಹಮೀದ್, ನನಗಿಂತ ಐದಾರು ವರ್ಷ ಹಿರಿಯರು. ವಾರವೆಲ್ಲ ನಟ್ಟು ಬೋಲ್ಟುಗಳ ನಡುವೆ ಕೂತು ಬೆನ್ನುನೋವೆಂದು ನರಳುವ ಈ ಮನುಷ್ಯ ಶುಕ್ರವಾರ ಬೆಳಿಗ್ಗೆ ಸಮುದ್ರಕ್ಕಿಳಿದರೆ ಬೇರೆಯೇ ಆಗಿಬಿಡುತ್ತಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲ, ಏನಿಲ್ಲ. ಒಂದೇ ಉಸಿರು ಹಿಡಿದು ಮುಳುಗಿ, ಬಂಡೆಯ ಸಂದಿಯಲ್ಲಿರುವ ಹಮೂರ್ ಮೀನಿಗೆ ಈಟಿ ಬಿಟ್ಟು, ಜುಮಾ ನಮಾಜಿನ ಹೊತ್ತಿಗೆ ಸ್ನಾನ ಮಾಡಿ ಮಸೀದಿಯಲ್ಲಿರುತ್ತಿದ್ದರು. ಹಮೂರ್ ಎಂದರೆ ಅವರ ಊರಿನ ಮುರು ಮೀನೇ ಅಂತೆ. ಎರಡಕ್ಕೂ ಇರುವ ವ್ಯತ್ಯಾಸ ಹೇಳುವ ಯೋಗ್ಯತೆ ನನ್ನ ನಾಲಿಗೆಗಿಲ್ಲ.

ಸಮುದ್ರದಲ್ಲಿ ಅವರ ಜೊತೆಗಾರರಾಗಿದ್ದ ಗೋವಾದವರೊಬ್ಬರು ಮಸ್ಕತ್ತಿಗೆ ವರ್ಗವಾದಾಗ ಹಮೀದ್ ನನ್ನ ಮೇಜಿನ ಬಳಿ ಬಂದರು.

“ರಾಯರೇ, ನಿಮಗೆ ಈಜ್ಲಿಕ್ಕೆ ಬರ್ತದಲ್ಲಾ?”

“ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿದ್ದೀನಿ ಹಮೀದ್ ಭಾಯ್,” ಎಂದೆ. ದಾಟಿದ್ದು ಬೇಸಿಗೆಯಲ್ಲಿ ಎಂಬುದನ್ನು ಹೇಳುವ ಅಗತ್ಯ ಕಾಣಲಿಲ್ಲ.

“ಹಾಗಾದ್ರೆ ನನ್ನೊಟ್ಟಿಗೆ ಬನ್ನಿ. ನೀವು ಎಂತದೂ ಹಿಡಿಯುದು ಬೇಡ. ಮೇಲೆ ತೇಲಿಕೊಂಡು ನನ್ನನ್ನು ನೋಡ್ತಾ ಇರಿ, ಸಾಕು. ಒಬ್ಬ ಕೆಳಗೆ ಹೋದ್ರೆ ಇನ್ನೊಬ್ಬ ಮೇಲೆ ಇರ್ಲೇಬೇಕು. ಒಬ್ಬನೇ ಹೋಗ್ಲಿಕ್ಕೆ ಮನೆಯವಳು ಬಿಡುದಿಲ್ಲ.”

ಹೀಗೆ ನಾನು ಕಾವಲುಗಾರನಾದೆ. ಮೊದಲ ದಿನವೇ ಅವರು ದಡದಲ್ಲಿ ಕೂರಿಸಿ ಪಾಠ ಹೇಳಿದರು. ಉಸಿರು ಹಿಡಿದವನಿಗೆ ಹೆಚ್ಚಿನ ಅಪಾಯ ಬರುವುದು ತಳದಲ್ಲಲ್ಲ, ಮೇಲೆ ಬಂದ ಮೇಲೆ. ಗೆದ್ದೆ ಎಂದುಕೊಂಡ ಕ್ಷಣದಲ್ಲೇ ಪ್ರಜ್ಞೆ ತಪ್ಪಬಹುದು. ಹಾಗಾದರೆ ಅಂಗಾತ ತಿರುಗಿಸಬೇಕು, ಮಾಸ್ಕ್ ಕಿತ್ತು ಮುಖಕ್ಕೆ ಗಾಳಿ ಊದಬೇಕು, ಹೆಸರು ಹಿಡಿದು ಕೂಗಬೇಕು. ನಾನು ತಲೆಯಾಡಿಸಿದೆ. ಅವರದೇ ಹಳೆಯ ಮಾಸ್ಕ್ ಹಾಕಿಕೊಂಡು ನಾಲ್ಕು ಶುಕ್ರವಾರ ತೇಲಿದೆ. ಖುಷಿಯೂ ಆಯಿತು. ಐದನೆಯ ವಾರಕ್ಕೆ ಅಹಂಕಾರ ಕೆರಳಿತು. ದಡದಲ್ಲಿ ಸಿಕ್ಕವರೆಲ್ಲ ಹಮೀದ್ ಅವರನ್ನು “ಏನು ಸಿಕ್ಕಿತು?” ಎಂದು ಕೇಳುತ್ತಾರೆ, ನನಗೆ ಟವೆಲು ಹಿಡಿದುಕೋ ಎನ್ನುತ್ತಾರೆ. ನನಗೂ ಒಂದು ಗನ್ ಬೇಕೆಂದೆ.

ಹಮೀದ್ ನಗಲಿಲ್ಲ. “ಇಲ್ಲಿಯ ನೀರು ಮಸುಕು ರಾಯರೇ. ನಾಲ್ಕು ಮಾರು ದೂರ ಕಂಡ್ರೆ ಅದೇ ದೊಡ್ಡದು. ಕಾಣದ ಮೀನಿಗೆ ಉದ್ದದ ಗನ್ ಎಂತಕ್ಕೆ? ಎಪ್ಪತ್ತೈದು ಸೆಂಟಿಮೀಟರಿನದ್ದು ತೆಕೊಳ್ಳಿ. ಬಂಡೆ ಸಂದಿಯಲ್ಲಿ ತಿರುಗಿಸ್ಲಿಕ್ಕೆ ಆಗ್ಬೇಕು, ನಿಮ್ಮ ಕೈಯಲ್ಲಿ ಈಟಿ ಚಿಮ್ಮಿಸುವ ರಬ್ಬರ್ ಎಳೀಲಿಕ್ಕೆ ಆಗ್ಬೇಕು. ಮುಳುಗ್ಲಿಕ್ಕೆ ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟು ಒಂದೇ ಕೈಯಲ್ಲಿ ಬಿಚ್ಚುವ ಹಾಗೆ ಇರ್ಬೇಕು. ಗುರುವಾರ ಒಟ್ಟಿಗೆ ಹೋಗುವ.”

ನಾನು ಬುಧವಾರವೇ ಒಬ್ಬನೇ ಹೋದೆ. ಹಳೆಯ ಸೂಕಿನ, ಎಂದರೆ ಅರಬ್ಬರ ಪೇಟೆಯ, ಬದಿಯ ಅಂಗಡಿಯ ಮಲಯಾಳಿ ಯಜಮಾನರು ಸಭ್ಯರು. “ಸಾಬ್, ಕಿನಾರೆ ಪೆ ಜಾತಾ ಯಾ ಬಾಹರ್?” ಎಂದು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ದಡದ ಹತ್ತಿರ ಎನ್ನಲು ನಾಚಿಕೆಯಾಗಿ, “ಬಾಹರ್”, ನಡುಗಡಲಿಗೆ, ಎಂದುಬಿಟ್ಟೆ. ಅವರು ಏಣಿ ಹತ್ತಿ ಗೋಡೆಯ ಮೇಲಿದ್ದ, ಎರಡು ರಬ್ಬರಿನ, ಎಲ್ಲಕ್ಕಿಂತ ಉದ್ದದ ಗನ್ ಇಳಿಸಿದರು. ಚಳಿನೀರಿಗೆಂದು ಒಂದು ರಬ್ಬರ್ ಅಂಗಿಯನ್ನೂ ಕೊಂಡೆ. ಅದೊಂದು ಮಾತ್ರ ನನ್ನ ಸ್ವಭಾವಕ್ಕೆ ವಿರುದ್ಧವಾಗಿ ಒಂದು ಸೈಜು ಚಿಕ್ಕದಾಯಿತು.

ಮನೆಯಲ್ಲಿ ಹೆಂಡತಿ ಸುಧಾ ಗನ್ನನ್ನು ತುದಿಯಿಂದ ಬುಡದವರೆಗೆ ನೋಡಿದಳು.

“ಪರದೆ ಕಟ್ಟೋ ಕೋಲಾ?”

“ಮೀನು ಹೊಡೆಯೋದು.”

“ಹೊಡೆದು?”

“ಹಮೀದ್ ಭಾಯಿಗೆ ಕೊಡೋದು,” ಎಂದೆ. “ಅವರ ಹತ್ರ ಗನ್ನಿಲ್ವಾ?” ಎಂದು ಕೇಳಿ, ಅವಳು ದೇವರ ಗೂಡಿನ ಪರದೆ ಎಳೆದು ಬಂದಳು. ಆಮೇಲೆ ರಬ್ಬರ್ ಅಂಗಿ ನನ್ನ ತಲೆಯ ಅರ್ಧಕ್ಕೆ ಸಿಕ್ಕಿಕೊಂಡು ನಾನು ಕತ್ತಲಲ್ಲಿ ಕೂಗುತ್ತಿದ್ದಾಗ, ಒಂದು ಡಬ್ಬ ಪೌಡರ್ ಸುರಿದು, ಬೆನ್ನಿಗೆ ಮೊಣಕಾಲು ಕೊಟ್ಟು ನನ್ನನ್ನು ಹೊರಗೆಳೆದವಳೂ ಅವಳೇ.

ಶುಕ್ರವಾರ ಉತ್ತರದ ಕಡಲ ತೀರದಲ್ಲಿ ಹಮೀದ್ ನನ್ನ ಗನ್ನನ್ನು ಕೈಗೆ ತೆಗೆದುಕೊಂಡು ನೀರಿನ ಕಡೆ ಚಾಚಿ ನೋಡಿದರು. ಹಿಂದಿನ ಎರಡು ದಿನ ಗಾಳಿ ಬೀಸಿ ನೀರು ಹಾಲು ಬೆರೆಸಿದ ಹಾಗಿತ್ತು. “ಇದರ ತುದಿ ನಿಮಗೇ ಕಾಣ್ಲಿಕ್ಕಿಲ್ಲ ಮಾರಾಯ್ರೆ. ಇವತ್ತು ಕಾರಿನಲ್ಲೇ ಬಿಟ್ಟು ಬನ್ನಿ,” ಎಂದರು. ನಾನು ಬಿಡಲಿಲ್ಲ.

ಗನ್ನಿನ ಹಿಡಿಯನ್ನು ಎದೆಗೆ ಒತ್ತಿ ಎರಡೂ ಕೈಯಿಂದ ರಬ್ಬರನ್ನು ಎಳೆದು ಈಟಿಯ ಕಚ್ಚಿಗೆ ಸಿಕ್ಕಿಸಬೇಕು. ನೀರಿಗಿಳಿದ ಮೇಲೆ ನಾನು ಎಳೆದೆ. ಅರ್ಧಕ್ಕೆ ಬಂದು ನಿಂತಿತು. ಹಮೀದ್ ಕೆಳಗಿಳಿದರು. ಅವರು ಇಳಿದ ಕೂಡಲೇ ಸೆಕೆಂಡು ಎಣಿಸಬೇಕಾದವನು ನಾನು ಇನ್ನೊಮ್ಮೆ ಎಳೆದೆ. ಇಪ್ಪತ್ತೋ ಮೂವತ್ತೋ ಎಣಿಸಿದ ನೆನಪು, ಆಮೇಲೆ ಲೆಕ್ಕ ತಪ್ಪಿತು. ಐದಾರು ಮಾರು ದೂರದಲ್ಲಿ ನೀರು ಚಿಮ್ಮಿದ ಸದ್ದಾಯಿತು. ತಲೆಯೆತ್ತಿದೆ. ಹಮೀದ್ ಮೇಲೆ ಬಂದಿದ್ದರು. ಸದ್ಯ, ಎಂದುಕೊಂಡು ಮತ್ತೆ ರಬ್ಬರಿಗೆ ಕೈ ಹಾಕಿದೆ. ಮತ್ತೊಮ್ಮೆ ನೋಡುವಾಗ ಅವರ ಮುಖ ನೀರಿನೊಳಗಿತ್ತು. ಕೆಳಗೆ ಮೀನು ನೋಡುತ್ತಿದ್ದಾರೆ ಎಂದುಕೊಂಡೆ. ಅವರ ಕೈಯಿಂದ ಗನ್ ತಾನಾಗಿ ಜಾರಿತು.

ಆಗ ನಾನು ಹೇಗೆ ಈಜಿದೆನೋ ತಿಳಿಯದು. ನನ್ನ ಗನ್ನನ್ನು ಯಾವಾಗ ಕೈಬಿಟ್ಟೆನೆಂಬುದೂ ತಿಳಿಯದು. ಅವರ ಬೆಲ್ಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಅಂಗಾತ ತಿರುಗಿಸಿ ಮಾಸ್ಕ್ ಕಿತ್ತೆ. ತುಟಿ ನೀಲಿಯಾಗಿತ್ತು, ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಮುಖಕ್ಕೆ ಊದಿದೆ, ಕೆನ್ನೆಗೆ ಹೊಡೆದೆ. “ಹಮೀದ್ ಭಾಯ್, ಉಸಿರು ಎಳೀರಿ! ಹಮೀದ್ ಭಾಯ್!” ಎಂದು ಕೂಗಿದೆ. ನನ್ನ ದನಿ ನನಗೇ ಅಳುವ ಹಾಗೆ ಕೇಳಿಸಿತು. ಒಮ್ಮೆ ಅವರ ಎದೆ ಅದುರಿತು. ಆಮೇಲೆ ದೊಡ್ಡದೊಂದು ಉಸಿರು ಒಳಗೆ ಹೋಯಿತು.

“ಎಂತ ಆಯ್ತು?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಮುರು ಎಲ್ಲಿ?”

ಮೀನು ಈಟಿಯ ಸಮೇತ, ಅವರ ಗನ್ನಿಗೆ ಕಟ್ಟಿದ್ದ ತೇಲುಚೆಂಡಿನ ಹಗ್ಗದಲ್ಲೇ ಇತ್ತು. ಅದನ್ನೂ ಅವರನ್ನೂ ದಡಕ್ಕೆ ಎಳೆದೆ. ಇಬ್ಬರೂ ಮರಳಿನ ಮೇಲೆ ಕೂತೆವು. ರಬ್ಬರ್ ಅಂಗಿ ಬಿಚ್ಚಲು ಅವರೇ ನನಗೆ ನೆರವಾದರು. “ಊರಿಗೆ, ಮನೆಯವಳಿಗೆ ಫೋನ್ ಮಾಡುವಾಗ ಇದನ್ನು ಹೇಳ್ಲಿಕ್ಕುಂಟಾ ಬೇಡವಾ?” ಎಂದು ಕೇಳಿದರು. ಅವರು ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

ಆಫೀಸಿನಲ್ಲಿ ನಾನು ವೀರನಾದೆ. ಮ್ಯಾನೇಜರರೂ ಕೈಕುಲುಕಿದರು. ಎರಡು ವಾರ ಆ ಹೊಗಳಿಕೆಯನ್ನು ಉಂಡು, ಜೀರ್ಣವಾಗದೆ, ಒಂದು ದಿನ ಸ್ಟೋರಿಗೆ ಹೋಗಿ, “ಹಮೀದ್ ಭಾಯ್, ಅವತ್ತು ನಾನು ನಿಮ್ಮನ್ನ ನೋಡ್ತಾ ಇರ್ಲಿಲ್ಲ. ರಬ್ಬರ್ ಎಳೀತಿದ್ದೆ,” ಎಂದೆ.

ಅವರು ಪೆಟ್ಟಿಗೆ ಜೋಡಿಸುತ್ತಲೇ ಇದ್ದರು. “ಗೊತ್ತುಂಟು. ಅಂಗಿ ಬಿಚ್ಚುವಾಗ ನಿಮ್ಮ ಎದೆ ಮೇಲೆ ಗನ್ನಿನ ಹಿಡಿಯ ಗುರುತು ಕೆಂಪಗಿತ್ತಲ್ಲಾ. ನಾನೂ ಆ ಮೀನಿಗಾಗಿ ಕೆಳಗೆ ಹೆಚ್ಚು ಹೊತ್ತು ನಿಂತೆ, ಅದು ನನ್ನ ತಪ್ಪು. ಕಡೆಗೆ ನೀವು ನೋಡಿದ್ರಿ, ಬಂದ್ರಿ. ಖಲಾಸ್. ಶುಕ್ರವಾರ ಬರ್ತೀರಲ್ಲಾ?”

ಹೋದೆ. ಬರಿಗೈಯಲ್ಲಿ ಹೋದೆ. ನನ್ನ ಗನ್ನು ಅವತ್ತೇ ಸಮುದ್ರದ ಪಾಲಾಗಿತ್ತು, ಇನ್ನೊಂದನ್ನು ಕೊಳ್ಳಲಿಲ್ಲ. ಆಮೇಲಿನ ಚಳಿಗಾಲಗಳಲ್ಲೆಲ್ಲ ಅವರು ಮುಳುಗಿದೊಡನೆ ಬಾಯಿಪಾಠ ಒಪ್ಪಿಸುವವನ ಹಾಗೆ ಎಣಿಸುತ್ತ, ರೆಪ್ಪೆ ಬಡಿಯದೆ ನೋಡುತ್ತ ತೇಲಿದೆ. ಒಮ್ಮೆ ನಮ್ಮ ಮನೆಗೆ ಬೆಂಗಳೂರಿನಿಂದ ನೆಂಟರು ಬಂದಿದ್ದಾಗ ಸುಧಾ ಹೆಮ್ಮೆಯಿಂದಲೇ, “ಇವರು ಪ್ರತಿ ಶುಕ್ರವಾರ ಸಮುದ್ರದಲ್ಲಿ ಬೇಟೆಗೆ ಹೋಗ್ತಾರೆ,” ಎಂದಳು.

“ಹೌದಾ! ಏನು ತರ್ತಾರೆ?” ಎಂದು ಅವರು ಬೆರಗಾದರು.

“ಹಮೀದ್ ಭಾಯಿನ ವಾಪಸ್ಸು ಕರ್ಕೊಂಡು ಬರ್ತಾರೆ,” ಎಂದಳು ಸುಧಾ. ನಾನು ಎದೆ ಸ್ವಲ್ಪ ಉಬ್ಬಿಸಿ ಕುಳಿತೆ. ಅವಳು ಕಾಫಿ ಲೋಟಗಳನ್ನು ಮುಂದಿಡುತ್ತ ಮಾತು ಮುಗಿಸಿದಳು: “ಕಾರು ಮಾತ್ರ ಅವರೇ ಓಡಿಸಬೇಕು. ಇವರು ಪಕ್ಕದ ಸೀಟಲ್ಲಿ ಗೊರಕೆ ಹೊಡೀತಿರ್ತಾರೆ.”