ಮಾತು ಬಿಟ್ಟ ಮೂರು ಕೀಬೋರ್ಡುಗಳು

"ಒಂದು ವಾರ ಸಾಕು ಸರ್. ಒಂದು ಪರದೆ, ಒಂದು ಕೀಬೋರ್ಡ್ ಚುಚ್ಚಿದ್ರೆ ಆಯ್ತು" ಎಂದು ಪ್ರಾಂಶುಪಾಲರಿಗೆ ಹೇಳಿದವಳು ನಾನೇ. ಕಾಲೇಜಿಗೆ ಐವತ್ತು ವರ್ಷ ತುಂಬುತ್ತಿತ್ತು. ಪ್ರದರ್ಶನದಲ್ಲಿ ನಮ್ಮ ಮೊಟ್ಟಮೊದಲ ಕಂಪ್ಯೂಟರ್ ಓಡಬೇಕೆಂದು ಅವರ ಆಸೆ. ದಾಸ್ತಾನು ಕೋಣೆಯಲ್ಲಿ ಪರದೆ, ಕೀಬೋರ್ಡ್ ಇಲ್ಲದೆ ಅದರ ಪೆಟ್ಟಿಗೆ ಮಾತ್ರ ಉಳಿದಿತ್ತು. ಯಾರು ಓಡಿಸುತ್ತೀರಿ ಎಂದಾಗ ಹಿರಿಯರೆಲ್ಲ ನೆಲ ನೋಡಿದರು. ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯಳಾದ ನಾನು ಕೈ ಎತ್ತಿದೆ. ನೆಲ ನೋಡುವುದರಲ್ಲೂ ಅನುಭವವಿರುತ್ತದೆಂದು ಆಗ ಗೊತ್ತಿರಲಿಲ್ಲ.

ಮರುದಿನವೇ ಆಮಂತ್ರಣ ಅಚ್ಚಾಯಿತು. "ಚಾಲನೆಯಲ್ಲಿರುವ ಪ್ರಥಮ ಗಣಕಯಂತ್ರ." ಅದರ ಕೆಳಗೆ ನನ್ನ ಹೆಸರು. ಇನ್ನು ಯಂತ್ರ ಓಡಬೇಕು, ಇಲ್ಲವೇ ನಾನು ಊರು ಬಿಟ್ಟು ಓಡಬೇಕು.

ಪೆಟ್ಟಿಗೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ಅದರ ಬೆನ್ನು ತಿರುಗಿಸಿ ನೋಡಿದರೆ ನನಗೆ ಪರಿಚಯವಿರುವ ಒಂದು ತೂತೂ ಅಲ್ಲಿರಲಿಲ್ಲ. ಕೀಬೋರ್ಡಿಗೆ ಹೆಬ್ಬೆರಳು ಗಾತ್ರದ ದುಂಡು ತೂತು, ಒಳಗೆ ಐದು ಕಂಡಿ. ಪರದೆಗೆ ಒಂಬತ್ತು ಕಂಡಿ. ನಮ್ಮ ಮನೆಯ ಹೊಸ ಪರದೆಯ ವೈರಿಗೆ ಹದಿನೈದು ಕಡ್ಡಿ.

"ಉಳಿದ ಆರು ಕಡ್ಡಿ ಹೊರಗೇ ಇರ್ಲಿ ಬಿಡು, ಗಾಳಿಗೆ" ಎಂದರು ನನ್ನ ಗಂಡ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತ.

"ನೀವು ಸುಮ್ನೆ ಊಟ ಮಾಡಿ."

ಗುಜರಿ ಅಂಗಡಿಯವನ ಬಳಿ ಒಂಬತ್ತು ಕಡ್ಡಿಯ ಹಳೆಯ ಪರದೆ ಸಿಕ್ಕಿತು. "ಅಕ್ಕಾ, ಕೂತ್ಕೊಳ್ಳೋದು ಗ್ಯಾರಂಟಿ. ಕೆಲಸ ಮಾಡೋದು ಅದರ ಇಷ್ಟ" ಎಂದ. ಕೂತಿತು. ನನ್ನ ಯಂತ್ರ ಬಣ್ಣದ ಪರದೆಯದು, ನಾನು ತಂದದ್ದು ಕಪ್ಪು-ಹಸಿರಿನದು. ತೂತು ಒಂದೇ, ಒಳಗಿನ ಭಾಷೆ ಬೇರೆ. ಸ್ವಿಚ್ ಹಾಕಿದೊಡನೆ ಪರದೆ ಸೊಳ್ಳೆಯಂತೆ ಗುಂಯ್‌ಗುಟ್ಟಿತು, ಹಸಿರು ಗೆರೆಗಳು ಗಾಳಿಗೆ ಬಾಗುವ ಹುಲ್ಲಿನ ಹಾಗೆ ಒಂದೇ ಕಡೆ ವಾಲಿದವು. ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ ಸುಟ್ಟ ವಾಸನೆ. ಗಂಡ ತಟ್ಟೆ ಹಿಡಿದುಕೊಂಡೇ ಅಂಗಳಕ್ಕೆ ನೆಗೆದರು.

ಕೊನೆಗೆ ಪೆಟ್ಟಿಗೆಯ ಹಿಂದೆ ಇನ್ನೊಂದು ಸಣ್ಣ ತೂತು ಕಂಡಿತು. ಅದಕ್ಕೆ ಟಿವಿಯ ಹಳದಿ ವೈರು ಸಾಕು. ಹಾಲ್‌ನಲ್ಲಿ ಗಂಡನ ಜೀವದ ಗೆಳೆಯನಂತಿದ್ದ ಹೊಟ್ಟೆ ದಪ್ಪದ ಟಿವಿಯನ್ನು ಎಳೆತಂದೆ. ಅದರ ತೂತು ಸಡಿಲ. ವೈರನ್ನು ಬೆರಳಿಂದ ಒತ್ತಿ ಹಿಡಿದರೆ ಅಕ್ಷರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು.

"ನಾಳೆ ಫೈನಲ್ ಮ್ಯಾಚ್ ಇದೆ ಕಣೇ."

"ರೇಡಿಯೋದಲ್ಲಿ ಕೇಳಿ. ಕಣ್ಣಿಗೂ ಒಳ್ಳೇದು."

ಉಳಿದದ್ದು ಕೀಬೋರ್ಡ್. ಗುಜರಿಯಿಂದ ಒಂದಾದ ಮೇಲೊಂದು ಮೂರು ತಂದೆ. ಮೂರೂ ಸಲೀಸಾಗಿ ಕೂತವು. ಮೂರೂ ಒಂದಕ್ಷರ ಆಡಲಿಲ್ಲ. ಒರೆಸಿದೆ, ಊದಿದೆ, ಬೈದೆ, ಪುಸಲಾಯಿಸಿದೆ. ಪರದೆಯ ಮೂಲೆಯಲ್ಲಿ ಮಿಣುಕುವ ಪುಟ್ಟ ಗೆರೆ ಮಾತ್ರ ನನ್ನನ್ನೇ ನೋಡುತ್ತ ಕಾಯುತ್ತಿತ್ತು. ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ನಾನು ಮೇಜಿನ ಮೇಲೆ ತಲೆಯಿಟ್ಟು ರಜೆ ಚೀಟಿಗೆ ಯಾವ ಕಾಯಿಲೆ ಗೌರವಯುತ ಎಂದು ಯೋಚಿಸುತ್ತಿದ್ದೆ.

ಅತ್ತೆ ಮೇಜು ಒರೆಸಲು ಬಂದರು. "ತಲೆ ಎತ್ತಮ್ಮ, ಧೂಳು." ಕೀಬೋರ್ಡ್ ಎತ್ತಿ ಅಂಗಾತ ಮಲಗಿಸಿದರು. ಕನ್ನಡಕ ಮೂಗಿಗೆ ಇಳಿಸಿದರು. ಸೆರಗಿನ ಪಿನ್ನು ತೆಗೆದು ಅಡಿಯ ಸಣ್ಣ ಕಿಂಡಿಯೊಳಗೆ ಏನನ್ನೋ ಅತ್ತಿಂದಿತ್ತ ಸರಿಸಿದರು.

"ಈಗ ಆರಿಸಿ ಹಾಕು."

ಹಾಕಿದೆ. ಅತ್ತೆ ನಿಂತಲ್ಲಿಂದಲೇ ಹತ್ತೂ ಬೆರಳು ಇಳಿಸಿದರು. ಪರದೆಯ ತುಂಬ ಅಕ್ಷರಗಳು ಮಳೆಹುಳುವಿನಂತೆ ಎದ್ದವು.

"ಅತ್ತೆ, ಅದು ಏನು ಮಾಡಿದ್ರಿ?"

"ಹಳೇ ಯಂತ್ರಕ್ಕೆ ಒಂದು ಕಡೆ, ಆಮೇಲೆ ಬಂದಿದ್ದಕ್ಕೆ ಇನ್ನೊಂದು ಕಡೆ. ಅಡಿಯಲ್ಲಿ ಸ್ವಿಚ್ ಇರುತ್ತೆ. ನಮ್ಮ ಆಫೀಸಲ್ಲಿ ಹನ್ನೊಂದು ವರ್ಷ ಇದರ ಮೇಲೇ ಕುಟ್ಟಿದ್ದೀನಿ."

ಅತ್ತೆ ಟೈಪಿಸ್ಟ್ ಆಗಿ ನಿವೃತ್ತರಾದವರೆಂದು ನನಗೆ ಗೊತ್ತಿತ್ತು. ಟೈಪಿಸ್ಟ್ ಎಂದರೆ ಟೈಪ್‌ರೈಟರ್ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ.

"ಮೊದಲೇ ಹೇಳಬಾರದಿತ್ತಾ?"

"ಕಂಪ್ಯೂಟರ್ ಪಾಠ ಮಾಡೋಳು ನೀನು. ಗೊತ್ತಿಲ್ಲದೆ ಇರುತ್ತಾ, ಬೇರೇನೋ ದೊಡ್ಡ ತೊಂದರೆ ಇರಬೇಕು ಅಂದ್ಕೊಂಡೆ."

"ಸೊಸೆ ಮೇಲೆ ನಂಬಿಕೆ ಇಟ್ಟಿದ್ದು ತಪ್ಪಾಯ್ತಮ್ಮ" ಎಂದರು ಗಂಡ, ರೇಡಿಯೋ ಕಿವಿಗೊತ್ತಿಕೊಂಡು.

ಪ್ರದರ್ಶನದ ದಿನ ಅತ್ತೆಯನ್ನು ಕರೆದೊಯ್ಯದೆ ದಾರಿಯಿರಲಿಲ್ಲ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಂದವರ ಹೆಸರನ್ನೆಲ್ಲ ಕೀಬೋರ್ಡ್ ನೋಡದೆ ಟೈಪಿಸಿ ತೋರಿಸಿದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಪ್ರಾಂಶುಪಾಲರು ಎರಡು ಸಲ ಬಂದು ಹೆಸರು ಹೊಡೆಸಿಕೊಂಡರು. ಮೂರು ಗಂಟೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ಮರುದಿನ ಸೂಚನಾ ಫಲಕದಲ್ಲಿ ಫೋಟೋ ಬಂತು. "ಪ್ರಥಮ ಗಣಕಯಂತ್ರ ಮತ್ತು ಪರಿಣತರು." ನಡುವೆ ನಗುವ ಅತ್ತೆ. ಟಿವಿಯ ಹಿಂದಿನಿಂದ ಒಂದು ಮೊಣಕೈ ಮಾತ್ರ ಹೊರಗೆ ಕಾಣುತ್ತದೆ. ವೈರು ಒತ್ತಿ ಹಿಡಿದಿದ್ದ ಆ ಪರಿಣತೆ ನಾನು.