ಕಾಶಿಯಲ್ಲಿ ಬಿಟ್ಟ ಮಿರ್ಚಿ

ಕಾಶಿಗೆ ಹೋದವರು ತಮಗೆ ಪ್ರಿಯವಾದ ತಿನಿಸೊಂದನ್ನು ಗಂಗೆಯ ದಡದಲ್ಲಿ ಬಿಟ್ಟು ಬರಬೇಕು, ಆಮೇಲೆ ಜನ್ಮದಲ್ಲಿ ಅದನ್ನು ಮುಟ್ಟಬಾರದು ಎಂಬ ಪದ್ಧತಿ ಇದೆ. ನಮ್ಮ ಯಜಮಾನರು ದತ್ತೋಪಂತರು ಅದನ್ನು ಶಾಸ್ತ್ರೋಕ್ತವಾಗಿಯೇ ನಡೆಸಿದರು. ತಮಗೆ ಪ್ರಿಯವಾದದ್ದರ ಬದಲು ನನಗೆ ಪ್ರಿಯವಾದದ್ದನ್ನು ಬಿಟ್ಟು ಬಂದರು, ಅಷ್ಟೇ ವ್ಯತ್ಯಾಸ.

ಘಾಟಿನ ಮೆಟ್ಟಿಲ ಮೇಲೆ ಕೂತಿದ್ದೆವು. ಕನ್ನಡ ಬಲ್ಲ ಪುರೋಹಿತರು ಇವರ ಅಂಗೈಗೆ ನೀರು ಹಾಕಿ, "ಏನು ಬಿಡುತ್ತೀರಿ?" ಎಂದರು. ಇವರು ಕ್ಷಣವೂ ಯೋಚಿಸದೆ "ಹಾಗಲಕಾಯಿ" ಎಂದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರು ಹಾಗಲಕಾಯಿ ತಿಂದದ್ದನ್ನು ನಾನು ಕಂಡಿಲ್ಲ. (ತಾಟಿಗೆ ಬಿದ್ದರೆ ಚೇಳನ್ನು ಸರಿಸುವ ಹಾಗೆ ಚಮಚೆಯಿಂದ ಆಚೆ ಸರಿಸುತ್ತಾರೆ.) ನಾನು ಧರ್ಮಪತ್ನಿಯರ ಪದ್ಧತಿಯಂತೆ ಇವರ ತೋಳಿಗೆ ಒಂದು ಬೆರಳು ತಾಗಿಸಿಕೊಂಡು ಪಕ್ಕದಲ್ಲಿದ್ದೆ. "ತಾಯಿಯವರು?" ಎಂದರು ಪುರೋಹಿತರು. ಸೋರೆಕಾಯಿ ಬಿಡಲೋ ಪಡವಲಕಾಯಿ ಬಿಡಲೋ ಎಂದು ನಾನು ತೂಗಿ ನೋಡುತ್ತಿದ್ದೆ. ಅಷ್ಟರಲ್ಲಿ ಇವರೇ, "ಆಕಿ ಕರದದ್ದೆಲ್ಲಾ ಬಿಡ್ತಾಳ್ರಿ! ಮಿರ್ಚಿ, ಭಜಿ, ವಡಾ, ಶೇವು, ಎಲ್ಲಾ!" ಎಂದು ನೀರು ಬಿಟ್ಟೇ ಬಿಟ್ಟರು.

"ಅಲ್ರೀ, ನನ್ನ ಒಂದ ಮಾತು ಕೇಳದ..."

"ನಿನ್ನ ಮೊಣಕಾಲ ಸಲುವಾಗಿ, ಮೃಣಾಲಿನಿ. ಡಾಕ್ಟರು ಏನಂದಾರ? ಮೂರು ತಿಂಗಳದಾಗ ಎಂಟು ಕಿಲೋ ಇಳೀಬೇಕು, ಇಲ್ಲಾಂದ್ರ ಆಪರೇಶನ್. ನನ್ನ ಮಾತಂತೂ ನೀ ಕೇಳೂದಿಲ್ಲ. ಗಂಗಾಮಾಯಿ ಮಾತರ ಕೇಳು."

ಡಾಕ್ಟರು ಹಾಗೆ ಹೇಳಿದ್ದು ನಿಜ. ಎಂಬತ್ತೊಂದು ಕಿಲೋ ಇದ್ದೆ. ಇಳಿಯುವ ಆಸೆ ಉಳಿದವರಿಗಿಂತ ನನಗೇ ಹೆಚ್ಚಿತ್ತು, ನೋವು ನನ್ನ ಕಾಲಿಗಲ್ಲವೇ? ಅದಕ್ಕೇ ದಿನಾ ಬೆಳಿಗ್ಗೆ ಉಣಕಲ್ ಕೆರೆಯ ದಂಡೆಯ ಮೇಲೆ ಏದುಸಿರು ಬಿಡುತ್ತ ನಡೆಯುತ್ತಿದ್ದೆ. ಆದರೆ ಆ ಡಾಕ್ಟರು ವಾರಕ್ಕೆ ಒಂದು ಮಿರ್ಚಿಗೆ ಒಪ್ಪಿಗೆ ಕೊಟ್ಟಿದ್ದರು. ನಾನು ಅವರೆದುರು ಕಣ್ಣಲ್ಲಿ ನೀರು ತಂದು ಗಿಟ್ಟಿಸಿದ ಒಂದೇ ಒಂದು ಮಿರ್ಚಿ. ಅದೂ ಗಂಗೆಯ ಪಾಲಾಯಿತು.

ಮನೆಯಲ್ಲಿ ಒಬ್ಬಳು ಕರಿದದ್ದನ್ನು ಬಿಟ್ಟಳೆಂದರೆ ಕಡಾಯಿಗೆ ನಿವೃತ್ತಿ ಸಿಕ್ಕಿತೆಂದು ನೀವು ತಿಳಿದಿರಬಹುದು. ಹಾಗಾದರೆ ನಿಮಗೆ ನಮ್ಮ ಮನೆ ಗೊತ್ತಿಲ್ಲ. ಸಂಜೆ ಇವರು ಆಫೀಸಿನಿಂದ ಬರುವಾಗ ಕೈಯಲ್ಲಿ ಭಜಿ ಮೆಣಸಿನಕಾಯಿಯ ಚೀಲ. "ಮೋಡ ಆಗೇದ ನೋಡು" ಎನ್ನುತ್ತಾರೆ. ಇದು ಹವಾಮಾನ ವರದಿಯಲ್ಲ, ಎಣ್ಣೆ ಕಾಯಲು ಇಡು ಎಂಬ ರಾಜಾಜ್ಞೆ. ಮೋಡವಿಲ್ಲದ ದಿನ, "ಎಷ್ಟು ಸೆಕಿ! ಬಾಯಿ ಕೆಟ್ಟು ಹೋಗೇದ, ಏನರ ಖಾರಂದು ಮಾಡು." ಒಟ್ಟಿನಲ್ಲಿ ಆಕಾಶ ಹೇಗಿದ್ದರೂ ನಾನು ಒಲೆಯ ಮುಂದೆ.

ಮೆಣಸಿನಕಾಯಿ ಸೀಳಿ, ಅಜವಾನ ಉಪ್ಪು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಾಗ ಬರುವ ಆ ಸಪ್ಪಳ ಇದೆಯಲ್ಲ, ಅದು ನನ್ನ ಹೆಸರು ಹಿಡಿದೇ ಕರೆಯುತ್ತಿತ್ತು. ನಾನು ನೆನೆಸಿದ ಹೆಸರುಕಾಳು ಜಗಿಯುತ್ತ ನಿಲ್ಲುತ್ತಿದ್ದೆ. ರುಚಿ ನೋಡುವ ಹಾಗೂ ಇಲ್ಲ. ಮಗಳು ಋತುಜಾ ನೋಡಿ ತೀರ್ಪು ಕೊಡುತ್ತಿದ್ದಳು.

"ಉಪ್ಪು ಕಡಿಮಿ ಆಗೇದ ಅಮ್ಮಾ. ನಿನ್ನ ಕೈ ರುಚಿ ಮೊದಲಿನಂಗ ಇಲ್ಲ."

"ಕೈಗೆ ಏನೂ ಆಗಿಲ್ಲ. ಬಾಯಿ ಕಟ್ಟ್ಯಾರ, ನಿಮ್ಮಪ್ಪ."

"ಸಿಟ್ಟಿಗೇಳಬ್ಯಾಡ. ಸಿಟ್ಟಿಗೆದ್ರೂ ತೂಕ ಏರ್ತದಂತ, ಫೋನಿನ್ಯಾಗ ಬಂದದ" ಎಂದು ಅವಳು ಎರಡನೆಯದಕ್ಕೆ ಕೈ ಹಾಕುತ್ತಿದ್ದಳು. ನನ್ನ ಕಣ್ಣು ತಾಟಿನ ಕಡೆ ಸ್ವಲ್ಪ ಹೊರಳಿದರೆ ಸಾಕು, ಇವರು ಬಾಯಿ ತುಂಬ ಮಿರ್ಚಿ ಇಟ್ಟುಕೊಂಡೇ, "ಗಂಗಾಮಾಯಿ ನೋಡ್ಲಿಕ್ಕತ್ತಾಳ!" ಎಂದು ಎಚ್ಚರಿಸುತ್ತಿದ್ದರು.

ಹೀಗೆ ಹತ್ತು ವಾರ. ಆರು ಕಿಲೋ ಇಳಿದೆ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಮೊಣಕಾಲಿಗೊಂದೇ ಗೊತ್ತಾಯಿತು. ಹಸಿವನ್ನಾದರೂ ತಡೆದೇನು, ಆದರೆ ನನ್ನ ಬಾಯಿಗೆ ಬೀಗ ಹಾಕಿ ಇವರು ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ಅಡ್ಡಾಡುವುದನ್ನು ತಡೆಯಲಾಗಲಿಲ್ಲ. ವಾರಕ್ಕೊಂದು ಮಿರ್ಚಿ ನನ್ನ ಹಕ್ಕು. ಅದನ್ನು ವಾಪಸು ತರಬೇಕೆಂದು ಒಂದು ಮಧ್ಯಾಹ್ನ ಮಠದ ಅಚ್ಯುತಾಚಾರ್ಯರ ಬಳಿ ಹೋದೆ.

ಆಚಾರ್ಯರು ಕಣ್ಣು ಮುಚ್ಚಿ ಎಲ್ಲ ಕೇಳಿಸಿಕೊಂಡರು. "ನೀರು ಯಾರ ಕೈಯಿಂದ ಬಿತ್ತು, ತಾಯಿ?"

"ಇವರ ಕೈಯಿಂದ್ರಿ."

"ಮಾತು?"

"ಅದೂ ಇವರದ."

"ನೀವು ಏನಂದ್ರಿ?"

"ಬಾಯಿ ತಗದಿದ್ದೆ. ಅನ್ನೂದರಾಗ ಎಲ್ಲಾ ಮುಗದಿತ್ತು."

"ಹಂಗಾರ ಬಿಟ್ಟಾವರು ದತ್ತೋಪಂತರು. ನಿಮಗ ಯಾವ ಬಂಧನಾನೂ ಇಲ್ಲ. ನಡೀರಿ ಮನಿಗೆ."

ಮಠದ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದೆ! ಅಂದು ಸಂಜೆ ಇವರು ಮೂರನೆಯ ಮಿರ್ಚಿ ಎತ್ತುವ ಹೊತ್ತಿಗೆ ತೀರ್ಪು ಓದಿದೆ. ಋತುಜಾ ನಂಬದೆ ಆಚಾರ್ಯರಿಗೇ ಫೋನು ಹಚ್ಚಿದಳು. ಅವರು ಹೌದೆಂದರು. ಇವರು ಕೈಯಲ್ಲಿದ್ದ ಮಿರ್ಚಿಯನ್ನು ಮೆಲ್ಲಗೆ ತಾಟಿಗೆ ಇಳಿಸಿದರು. ಜಗಳಾಡುತ್ತಾರೆ, ಹಾರಾಡುತ್ತಾರೆ ಎಂದು ಸೆರಗು ಕಟ್ಟಿ ನಿಂತಿದ್ದೆ. ಇವರು ಕಣ್ಣು ಮುಚ್ಚಿ, "ಆಗ್ಲಿ. ಆಡಿದ ಮಾತಿಗೆ ತಪ್ಪಾಂವ ನಾ ಅಲ್ಲ" ಎಂದರು. ಆಗಲೇ ನನಗೆ ಅಂಜಿಕೆ ಬರಬೇಕಿತ್ತು.

ಮರುದಿನ ನನಗಾಗಿ ಒಂದೇ ಒಂದು ಮಿರ್ಚಿ ಕರಿದುಕೊಂಡು ಕೂತೆ. ಇವರು ಬಂದು ಎದುರಿಗೇ ಕುರ್ಚಿ ಹಾಕಿಕೊಂಡರು.

"ತಿನ್ನು, ತಿನ್ನು. ನನ್ನ ಚಿಂತಿ ಮಾಡಬ್ಯಾಡ."

ನಾನು ಕಚ್ಚಿದರೆ ಇವರು ಉಗುಳು ನುಂಗುತ್ತಿದ್ದರು. ಅರ್ಧ ತಿನ್ನುವಷ್ಟರಲ್ಲಿ ಮಗಳು ಬಂದಳು. "ಅಮ್ಮಾ, ಪಪ್ಪಾನ ಮುಂದ ಕೂತು ಹೆಂಗ ಇಳೀತದ ನಿನಗ?" ಉಳಿದರ್ಧ ಇಳಿಯಲಿಲ್ಲ.

ನಾಲ್ಕನೆಯ ದಿನ ಪಕ್ಕದ ಮನೆಯ ದ್ರಾಕ್ಷಾಯಿಣಿ ಬಂದಳು. "ವೈನಿ, ಸಾಹೇಬ್ರು ಕಾಶ್ಯಾಗ ಕರದದ್ದು ಬಿಟ್ಟಾರಂತ ಖರೇನ್ರಿ? ಪಾಪ, ಮಾರಿ ಹೆಂಗ ಇಳದೈತಿ ನೋಡ್ರಿ! ಮತ್ತ ನೀವು ಅವರ ಎದುರಿಗೆ ಕಡಾಯಿ ಇಡಾಕತ್ತೀರಂತಲ್ರಿ? ಓಣ್ಯಾಗ ಮಂದಿ ಮಾತಾಡಾಕತ್ತಾರ."

ಹತ್ತು ವಾರ ನಾನು ಕರಿದು ಬಡಿಸುತ್ತ ಹೆಸರುಕಾಳು ಜಗಿದಾಗ ಈ ಓಣಿಯ ಬಾಯಿಗೆ ಏನಾಗಿತ್ತು? (ನಮ್ಮ ಮಿರ್ಚಿಯೇ ತುಂಬಿತ್ತು.) ಬೆಳಗಾವಿಯಿಂದ ನಾದಿನಿ ಫೋನು ಮಾಡಿ, "ನಮ್ಮಣ್ಣ ಸಣ್ಣಾಂವಿದ್ದಾಗಿಂದ ಮಿರ್ಚಿ ಅಂದ್ರ ಜೀವಾ ಬಿಡ್ತಿದ್ದ" ಎಂದು ಅತ್ತಳು. ಇವರ ಆಫೀಸಿನವರು ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬಂದರು. ಒಂದು ವಾರದಲ್ಲಿ ಇವರು ತ್ಯಾಗಿಗಳಾದರು, ನಾನು ರಾಕ್ಷಸಿಯಾದೆ.

ಎಂಟನೆಯ ದಿನಕ್ಕೆ ನಾನು ಮಿರ್ಚಿಯ ಆಸೆಯನ್ನೇ ಬಿಟ್ಟೆ. ಬಾಯಿಗೆ ಸೇರದಾಯಿತು. ಆದರೂ ಓಣಿಯ ಬೈಗಳು ನಿಲ್ಲಲಿಲ್ಲ. ತಿನ್ನದ ಮಿರ್ಚಿಗೆ ಬೈಸಿಕೊಳ್ಳುವುದೇಕೆ ಎಂದು ಮತ್ತೆ ಆಚಾರ್ಯರ ಬಳಿ ಹೋದೆ. ಯಾರೂ ಕಳಿಸಲಿಲ್ಲ, ನಾನೇ ಹೋದೆ. ಇವರಿಗೆ ಬಿಡುಗಡೆ ಉಂಟೇ ಎಂದು ಕೇಳಿದೆ.

"ಉಂಟು. ಅರ್ಧಾಂಗಿ ತಾನಾಗೇ ಆ ತ್ಯಾಗ ತನ್ನ ಮ್ಯಾಲ ತೊಗೊಂಡ್ರ ಯಜಮಾನರು ಮುಕ್ತ. ಒಂದೈದು ಮಂದಿಗೆ ಊಟಕ್ಕ ಹಾಕ್ರಿ, ಸಾಕು."

ಅಂಗೈಗೆ ನೀರು ಹಾಕಿಸಿಕೊಂಡೆ. ಕರಿದದ್ದನ್ನೆಲ್ಲ ಬಿಟ್ಟೆನೆಂದು ಗಟ್ಟಿಯಾಗಿ ಹೇಳಿ ನೀರು ಬಿಟ್ಟೆ.

ಭಾನುವಾರ ಊಟ. ಇವರು, ಋತುಜಾ, ಆಚಾರ್ಯರು, ದ್ರಾಕ್ಷಾಯಿಣಿ, ಅವಳ ಗಂಡ ಶಶಿಕಾಂತ, ಐವರೂ ಸಾಲಾಗಿ ಕೂತರು. ನಾನು ಒಲೆಯ ಮುಂದೆ. ಇವರು ಒಂಬತ್ತು ದಿನದ ಉಪವಾಸವನ್ನು ಏಳು ಮಿರ್ಚಿಯಲ್ಲಿ ತೀರಿಸಿಕೊಂಡು, ಎಂಟನೆಯದನ್ನು ಕಚ್ಚಿ, "ಉಪ್ಪು ಸ್ವಲ್ಪ ಕಡಿಮಿ ಆಗೇದ" ಎಂದರು.

ನನಗೆ ನೆತ್ತಿಗೇರಿತು. ಸೌಟು ಹಿಡಿದೇ ಹೊರಗೆ ಬಂದೆ. "ಕಡಿಮಿ ಆಗದ ಇನ್ನೇನ್ರೀ? ರುಚಿ ನೋಡೂ ಬಾಯಿ ನೀವು..."

ಇವರು ಬೆರಳೆತ್ತಿದರು. "ಏ, ಈ ಸಲ ನನ್ನ ಮ್ಯಾಲ ಹೇಳಬ್ಯಾಡ. ನಾ ಏನೂ ಅಂದಿಲ್ಲ. ನೀನಾಗೇ ಹೋಗಿ, ನಿನ್ನ ಬಾಯಿಲೇ ಬಿಟ್ಟು ಬಂದೀದಿ. ಕೇಳು ಆಚಾರ್ಯರನ್ನ."

ಆಚಾರ್ಯರು ಬಾಯಿ ತುಂಬಿದ್ದರಿಂದ ತಲೆಯಾಡಿಸಿದರು.

ಹತ್ತು ವಾರ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರುಕಾಳಲ್ಲ, ಇವರ ಮೇಲಿನ ಸಿಟ್ಟು. ಈಗ ಅದಕ್ಕೂ ನನಗೆ ಹಕ್ಕಿರಲಿಲ್ಲ. ಒಳಗೆ ಹೋಗಿ ಹಿಟ್ಟಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿದೆ.