ಮಾವನಿಗೆ ಕಣ್ಣು ಬರೆದದ್ದು

ಬಣ್ಣದ ಟ್ಯೂಬು ಐದಕ್ಕೆ ಎರಡೂವರೆ ರೂಪಾಯಿ, ಹಂದಿಕೂದಲಿನ ಕುಂಚಗಳಿಗೆ ಹತ್ತಾಣೆ, ಅಗಸೆ ಎಣ್ಣೆಗೆ ಆರಾಣೆ, ಗಾವಡಗೆರೆಯಿಂದ ಮೈಸೂರಿಗೆ ಹೋಗಿಬಂದ ಖರ್ಚು ಒಂದು ರೂಪಾಯಿ. ಬಟ್ಟೆಗೆ ಮಾತ್ರ ಕಾಸು ಬೀಳಲಿಲ್ಲ. ಚೆಲುವಯ್ಯ ತನ್ನ ಮದುವೆಯ ಪಂಚೆಯನ್ನೇ ಹರಿದು, ಹಳೆಯ ಕಿಟಕಿಯ ಚೌಕಟ್ಟಿಗೆ ಬಿಗಿದಿದ್ದ. ಒಟ್ಟು ನಾಲ್ಕೂವರೆ ರೂಪಾಯಿ. ಒಂದು ಜೋಡಿ ಹೋರಿಕರುವಿನ ಮುಂದೆ ಇದೇನು ಮಹಾ ಎಂದುಕೊಂಡ.

ಕರು ಕೊಡುತ್ತೇನೆಂದವನು ಮಿರ್ಲೆಯ ಮಾವ ದೊಡ್ಡಬೀರಯ್ಯ. ಅವನಿಗೆ ಫೋಟೋ ಪೆಟ್ಟಿಗೆ ಕಂಡರೆ ಜೀವಭಯ. ಅವನ ತಮ್ಮ ಫೋಟೋ ತೆಗೆಸಿಕೊಂಡ ವರ್ಷವೇ ತೆಂಗಿನಮರದಿಂದ ಬಿದ್ದು ಸತ್ತಿದ್ದ. "ಪೆಟ್ಟಿಗೆ ಆಯಸ್ಸು ಈರ್ಕತದೆ ಕಣ್ಲಾ. ಕೈಯಾಗೆ ಬರೆದ್ರೆ ಏನೂ ಆಗಕ್ಕಿಲ್ಲ. ನಾನು, ನಿಮ್ಮತ್ತೆ, ನನ್ ಮಗ್ಳು, ನೀನು, ನಾಕು ಜನದ್ದೂ ಎಣ್ಣೆಬಣ್ಣದಾಗೆ ಪಟ ಬರಿ. ಚೆಂದಾಗಿದ್ರೆ ಕರ ಜೋಡಿ ನಿಂದು" ಎಂದಿದ್ದ.

ಚೆಲುವಯ್ಯ ಅಲ್ಲಿಯತನಕ ಬಣ್ಣ ಬಳಿದದ್ದು ಗಾಡಿಯ ಚಕ್ರಕ್ಕೆ ಮತ್ತು ಎತ್ತಿನ ಕೊಂಬಿಗೆ ಮಾತ್ರ. ಆದರೂ ಒಪ್ಪಿಕೊಂಡ. ಅವನಿಗೆ ನೇಗಿಲಿತ್ತು, ಎತ್ತಿರಲಿಲ್ಲ. ಪಕ್ಕದ ಮನೆಯ ಅಂಕಯ್ಯನ ಎತ್ತು ಒಂದು ದಿನ ತಂದರೆ, ಎರಡು ದಿನ ಅಂಕಯ್ಯನ ಹೊಲದಲ್ಲಿ ಮೈಮುರಿಯಬೇಕು. ಅಂಕಯ್ಯ ಊರಮ್ಮನ ಪೂಜಾರಿ ಬೇರೆ, ಎದುರು ಮಾತಾಡುವಂತಿಲ್ಲ.

ಮಾವ ಕರು ಹೊಡೆದುಕೊಂಡು ಬರುವ ದಿನ ಬೆಳಿಗ್ಗೆ ಕೋಳಿಯೊಂದು ಹಾರಿ, ಬಣ್ಣಕ್ಕೆ ಬೆರೆಸಬೇಕಿದ್ದ ಅಗಸೆ ಎಣ್ಣೆಯನ್ನು ಉರುಳಿಸಿತು. ನೆಲ ಕುಡಿದುಬಿಟ್ಟಿತು.

ಗೋಡೆಯ ಮೇಲಿಂದ ಅಂಕಯ್ಯನ ತಲೆ ಎದ್ದಿತು. "ಯಾಕ್ಲಾ ತಲೆ ಚಚ್ಕತೀಯ? ಎಣ್ಣೆ ಅಂದ್ರೆ ಎಣ್ಣೆ. ಅರಳೆಣ್ಣೆ ಆಕು. ನೆತ್ತಿಗೂ ತಂಪು, ಪಟಕ್ಕೂ ತಂಪು."

ಚೆಲುವಯ್ಯ ಹರಳೆಣ್ಣೆ ಬೆರೆಸಿದ. ಬಣ್ಣ ಬೆಣ್ಣೆಯಂತೆ ಜಾರಿತು. ಅಗಸೆ ಎಣ್ಣೆಯಂತೆ ಹರಳೆಣ್ಣೆ ಒಣಗುವುದಲ್ಲ, ಮಧ್ಯಾಹ್ನವಾದರೂ ಬಣ್ಣ ಹಸಿಯಾಗಿಯೇ ಇತ್ತು. ಮಾವನ ಮೀಸೆ ಜಗಳಕ್ಕೆ ನಿಂತ ಎರಡು ಅಳಿಲುಗಳಂತೆ ಆಗಿತ್ತು.

"ಅಡ ಇಟ್ಟಿರೋ ನನ್ ಕತ್ತಿನ ಅಡ್ಡಿಕೆ ಪಟದಾಗಾದ್ರೂ ಬುಡುಸ್ಕೊಡು" ಎಂದಳು ಹೆಂಡತಿ ಕೆಂಪಾಜಮ್ಮ.

ಬೆಂಕಿ ಕೇಳಲು ಬಂದ ಎದುರುಮನೆಯ ರಾಮಮ್ಮ ಪಟ ನೋಡಿ, "ಅತ್ತೆ ಮೂಗು ಚೆಂದಾಗದೆ ಕಣಪ್ಪ, ಸೋರೆಕಾಯಿ ತಾನೆ?" ಎಂದಳು.

ಅಂಕಯ್ಯ ಗೋಡೆ ದಾಟಿಯೇ ಬಂದ. "ಕಣ್ಣು ಈಗ್ಲೇ ಬರೀಬ್ಯಾಡ. ಅಮ್ಮನ ಮೊಕಕ್ಕೂ ಕಣ್ಣು ಕೊನೇಗೇ ಬರೆಯೋದು. ಸಂಜೆ ಕಾಯಿ ಒಡೆದು ಬರ್ಸ್ತೀನಿ."

ಕಣ್ಣು ಬರೆಯುವುದೇ ಎಲ್ಲಕ್ಕಿಂತ ಕಷ್ಟವೆಂದು ಹೆದರಿದ್ದ ಚೆಲುವಯ್ಯ ಸಂತೋಷದಿಂದ ತಲೆಯಾಡಿಸಿದ.

ಸಂಜೆ ಅರ್ಧ ಊರು ಅಂಗಳದಲ್ಲಿತ್ತು. ಮಾವ ಅತ್ತೆಯ ಜೊತೆ, ಹಾಲುಬಿಳುಪಿನ ಎರಡು ಕರುಗಳೊಡನೆ ಬಂದ. ಅಂಕಯ್ಯ ಅವನ್ನು ತಾನೇ ಹಿಡಿದು ಪಟದ ನೇರ ಎದುರಿಗೆ ಕಟ್ಟಿಸಿದ, ಕಾಯಿ ಒಡೆದ. ಚೆಲುವಯ್ಯ ಮಾವನಿಗೆ ಕಣ್ಣು ಬರೆದ. ಕಣ್ಣು ಫಳಫಳ ಹೊಳೆಯಿತು. ಎಲ್ಲರೂ ನೋಡುತ್ತಿದ್ದಂತೆ ಹರಳೆಣ್ಣೆಯ ಹನಿಯೊಂದು ಜಿನುಗಿ ಕೆನ್ನೆಯ ಮೇಲೆ ಇಳಿಯಿತು.

"ಅಯ್ಯಯ್ಯೋ, ಪಟ ಅಳ್ತಾ ಅದೆ!" ಎಂದು ರಾಮಮ್ಮ ಕೈಮುಗಿದಳು.

ಚೆಲುವಯ್ಯ ನಿಜ ಹೇಳಲು ಬಾಯಿ ತೆರೆದ. ಹರಳೆಣ್ಣೆ ಎಂದರೆ ಪಟ ಕೆಟ್ಟಿತೆಂದು ಮಾವ ಕರು ಬಿಚ್ಚಿಕೊಂಡು ಹೋದಾನು. ಬಾಯಿ ಮುಚ್ಚಿದ.

ಮಾವನ ಕಣ್ಣಲ್ಲೂ ನೀರು. "ನನ್ ಕಂಡು ನಾನೇ ಅತ್ಬುಟ್ನಲ್ಲೋ! ತಕಳ್ಲಾ ಅಳಿಯ, ಕರ ನಿಂದು" ಎಂದು ಹಗ್ಗ ಕೊಟ್ಟ. ಚೆಲುವಯ್ಯ ಹಗ್ಗವನ್ನು ಎದೆಗೆ ಒತ್ತಿಕೊಂಡ.

"ತಡೀರಿ" ಎಂದ ಅಂಕಯ್ಯ. "ಕಣ್ಣು ಬುಟ್ಟ ಗಳಿಗೇಲಿ ಎದ್ರುಗೇನಿತ್ತು?"

"ಕರ" ಎಂದಿತು ಊರು.

"ಅಮ್ಮನ ಕಣ್ಣು ಬುಡ್ಸಿದಾಗ ಮೊದ್ಲು ಕಂಡ ಪ್ರಾಣಿ ಯಾರ್ದು?"

"ಅಮ್ಮಂದೇ."

"ಪಟದಾಗಿರೋ ಇವ್ರೂ ಕಣ್ಣೀರಾಕಿ ಕರನೇ ಕೇಳ್ತಾವ್ರೆ. ದೇವ್ರಿಗೆ ಬಸವ ಬುಡ್ಬೇಕು. ಕಟ್ಟಂಗಿಲ್ಲ, ಹೂಡಂಗಿಲ್ಲ, ಹೊಡೆಯಂಗಿಲ್ಲ."

ಚೆಲುವಯ್ಯ ಹೌಹಾರಿದ. "ಅಣ್ಣೋ, ಇದು ದೇವ್ರಲ್ಲ ಕಣಣ್ಣೋ! ನಮ್ಮಾವ!"

ಮಾವ ನಿಧಾನವಾಗಿ ತಿರುಗಿದ. "ಯಾಕ್ಲಾ, ನಾನೇನು ದೇವ್ರಂಗಿಲ್ವಾ?"

ಹೆಂಡತಿ, ಅತ್ತೆ, ರಾಮಮ್ಮ, ಎಲ್ಲರೂ ಚೆಲುವಯ್ಯನ ಬಾಯನ್ನೇ ನೋಡಿದರು. ಇಲ್ಲ ಎನ್ನುವ ಅಳಿಯ ಇನ್ನೂ ಹುಟ್ಟಬೇಕಿತ್ತು.

"ಇದ್ದೀರಿ ಮಾವ, ದೇವ್ರಂಗೇ ಇದ್ದೀರಿ" ಎಂದ ಅವನು. ಕೈಯ ಹಗ್ಗ ತಾನಾಗಿ ಜಾರಿತು.

ಮಾವ ಹಿಗ್ಗಿ ಹೀರೇಕಾಯಿಯಾಗಿ, ತಾನೇ ಕರುಗಳ ಹಣೆಗೆ ಕುಂಕುಮವಿಟ್ಟು ಬೆನ್ನು ತಟ್ಟಿ ಬಿಟ್ಟ. ಅವು ಬಾಲ ಎತ್ತಿಕೊಂಡು ಕುಣಿಯುತ್ತ ಬೀದಿ ದಾಟಿ, ಊರಿನ ಹೊಲಗಳನ್ನೆಲ್ಲ ಬಿಟ್ಟು, ನೇರವಾಗಿ ಚೆಲುವಯ್ಯನ ಅವರೆ ಹೊಲಕ್ಕೆ ನುಗ್ಗಿದವು. ಹೊಡೆಯುವಂತಿಲ್ಲವಲ್ಲ, ಅವನು ಬದುವಿನ ಮೇಲೆ ನಿಂತು ಕೈಮುಗಿದ.

"ನಾಳಿಕ್ಕೆ ನಮ್ಮೊಲಕ್ಕೆ ಬೇಗ ಬಂದ್ಬುಡ್ಲಾ" ಎಂದು ಅಂಕಯ್ಯ ಪಕ್ಕದಲ್ಲಿ ನಿಂತು ಪ್ರೀತಿಯಿಂದಲೇ ಹೇಳಿದ. "ಎತ್ತು ಬೇಕಲ್ಲ ನಿಂಗೆ."

ಹೋದದ್ದು ನಾಲ್ಕೂವರೆ ರೂಪಾಯಿ, ಒಂದು ಮದುವೆ ಪಂಚೆ, ಆ ವರ್ಷದ ಅವರೆ. ಬಂದದ್ದು, ನಡುಮನೆಯ ಗೋಡೆಯ ಮೇಲೆ ಇನ್ನೂ ಒಣಗದ ಮಾವ.